ಹಿಲ್ಕ ಕತ್ತರಿಸಿದ ಅಂಗಿ

ರೈಲಿನಿಂದ ಇಳಿದವಳೇ ಹಿಲ್ಕ ಹಿಂದಕ್ಕೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಯಾರಿರಬೇಕಿತ್ತು? ಅರವತ್ತೆಂಟು ವರ್ಷದ ಹೆಂಗಸು ಒಂದು ದಿನದ ಮಟ್ಟಿಗೆ ಮನೆ ಬಿಟ್ಟು ಬಂದರೆ ಅವಳ ಹಿಂದೆ ಪೊಲೀಸರನ್ನು ಬಿಡುತ್ತಾರೆಯೇ? ಆದರೂ ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಕೋಟಿನೊಳಗೆ ಎದೆಗವಚಿಕೊಂಡಿದ್ದ ಗಂಡನ ಕ್ಯಾಮರಾವನ್ನು ಇನ್ನಷ್ಟು ಒಳಕ್ಕೆ ತಳ್ಳಿ ಗುಂಡಿ ಹಾಕಿಕೊಂಡಳು. ಬೆಳಿಗ್ಗೆ ಈಸಲ್ಮಿ ಊರಿನ ಮನೆಯಲ್ಲಿ ಗಂಡ ತೌನೊ ಗಂಜಿಯ ಬಟ್ಟಲಿನ ಮುಂದೆ ಕೂತು, "ಎಲ್ಲಿಗೆ ಹೊರಟೆ?" ಎಂದು ಕೇಳಿದ್ದ. "ಹಲ್ಲಿನ ಡಾಕ್ಟ್ರ ಹತ್ರ." "ನೋಯ್ತಾ ಇದೆಯಾ?" "ಹೂಂ." "ಅಯ್ಯಯ್ಯೋ," ಎಂದು ಅವನು ತನ್ನ ಕೆನ್ನೆಯನ್ನೇ ಸವರಿಕೊಂಡಿದ್ದ. ಅವನಂಥ ಮರೆವಿನ ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ತಿಂಗಳಲ್ಲಿ ಒಂದೆರಡು ದಿನ ಬಿಡುವು ಸಿಗುತ್ತದೆ. ಆ ದಿನ ಅವಳ ಬದಲಿಗೆ ಸೈಮಿ ಎಂಬ ದಾದಿ ಬಂದು ಕೂರುತ್ತಾಳೆ. ಬಿಡುವಿನ ದಿನ ಎಲ್ಲಿಗೆ ಬೇಕಾದರೂ ಹೋಗಬಹುದು, ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ. ಹೀಗಿರುವಾಗ ಸುಳ್ಳು ಯಾಕೆ ಹೇಳಿದೆ ಎಂದು ಅವಳಿಗೇ ತಿಳಿಯಲಿಲ್ಲ. ಬಾಗಿಲು ಎಳೆದುಕೊಳ್ಳುವಾಗ ತೌನೊ ದಿನವೂ ಕೇಳುವುದನ್ನೇ ಕೇಳಿದ: "ಹಿಲ್ಕ, ನನ್ನ ನೀಲಿ ಅಂಗಿ ಎಲ್ಲಿ?" ಅವಳೂ ದಿನವೂ ಹೇಳುವುದನ್ನೇ ಹೇಳಿದಳು: "ಒಗೆಯೋಕೆ ಹಾಕಿದೀನಿ."

ಕುವೊಪಿಯೊ ಊರಿನ ಬೀದಿಗಳು ಇಳಿಜಾರಾಗಿ ಸರೋವರದ ಕಡೆಗೇ ಹೋಗುತ್ತವೆ. ನೀರಿನ ಅಂಚಿಗಿರುವ ಉದ್ಯಾನಕ್ಕೆ ದಾರಿ ಕೇಳಬೇಕಾಗಿರಲಿಲ್ಲ; ಕಾಲು ತಾನಾಗಿ ಅತ್ತ ಜಾರುತ್ತಿತ್ತು. ಆಗಸ್ಟಿನ ಆಕಾಶ ಗಳಿಗೆಗೊಂದು ಬಣ್ಣ. ಬೀದಿಯ ಈ ಬದಿಯಲ್ಲಿ ಬಿಸಿಲು, ಆ ಬದಿಯಲ್ಲಿ ತುಂತುರು. ಎದುರಿಗೆ ಬಂದವರೊಬ್ಬರು ಕೊಡೆ ಬಿಚ್ಚುತ್ತಿದ್ದರು, ಹಿಂದೆ ಬಂದವರು ಮಡಚುತ್ತಿದ್ದರು. ಕೋಟಿನ ಜೇಬಿನಲ್ಲಿ ಫೋನು ತೊಡೆಗೆ ಬಡಿಯುತ್ತಿತ್ತು. ತೌನೊನ ಹೆಸರು ಬರೆಸಿದ್ದ ಆರೈಕೆ ಮನೆಯ ಕಚೇರಿಯವರು ಸೋಮವಾರ ಹೇಳಿದ್ದರು: ಒಂದು ಕೋಣೆ ಖಾಲಿಯಾಗಿದೆ, ಶುಕ್ರವಾರ ಕಚೇರಿ ಮುಚ್ಚುವುದರೊಳಗೆ ಹೌದೋ ಅಲ್ಲವೋ ಹೇಳಿ, ಇಲ್ಲದಿದ್ದರೆ ಮುಂದಿನವರಿಗೆ ಹೋಗುತ್ತದೆ, ಮತ್ತೆ ಯಾವಾಗ ಎಂದು ಹೇಳಲಾಗದು. ಇವತ್ತು ಶುಕ್ರವಾರ. ಖಾಲಿಯಾಗಿದೆ ಎಂದರೆ ಅಲ್ಲಿದ್ದವರು ಸತ್ತಿದ್ದಾರೆ ಎಂದೇ ಅರ್ಥ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವಳು ಹೋಗಿ ನೋಡಿ ಬಂದಿದ್ದಳು. ಮಂಚ, ಕುರ್ಚಿ, ಬೋಳು ಗೋಡೆ. ಆ ಗೋಡೆಗೆ ಈ ಉದ್ಯಾನದ ಚಿತ್ರಗಳನ್ನು ಹಾಕೋಣ, ಅವನಿಗೆ ಗುರುತು ಸಿಕ್ಕೀತು ಎಂದುಕೊಂಡಿದ್ದಳು. ಎಂದರೆ ಹೌದು ಎಂದು ಹೇಳುವ ಮೊದಲೇ ಮನಸ್ಸಿನಲ್ಲಿ ಗೋಡೆಗೆ ಮೊಳೆ ಹೊಡೆದಾಗಿತ್ತು. ಇದು ಅವನಿಗಾಗಿ, ಅವನಿಗಾಗಿಯೇ ಎಂದು ರೈಲಿನುದ್ದಕ್ಕೂ ಹೇಳಿಕೊಂಡು ಬಂದಿದ್ದಳು. ಹಾಗಾದರೆ ಹಲ್ಲು ನೋವೆಂದು ಯಾಕೆ ಹೇಳಿದೆಯೇ ಮಾರಾಯ್ತಿ ಎಂದು ಒಳಗಿನಿಂದ ಯಾರೋ ಕೇಳುತ್ತಲೇ ಇದ್ದರು.

ಮೂವತ್ತು ವರ್ಷ ಪ್ರತಿ ಬೇಸಿಗೆಯಲ್ಲೂ ತೌನೊ ಒಬ್ಬನೇ ಇಲ್ಲಿಗೆ ಬರುತ್ತಿದ್ದ. ಬೆಳಗಿನ ರೈಲು, ಸಂಜೆಯ ರೈಲು, ನಡುವೆ ಕ್ಯಾಮರಾ. "ನಾನೂ ಬರ್ಲಾ?" ಎಂದರೆ, "ಇಬ್ಬರಿದ್ರೆ ಮಾತು ಬರುತ್ತೆ, ಮಾತು ಬಂದ್ರೆ ಕಣ್ಣು ಕಾಣಲ್ಲ," ಎನ್ನುತ್ತಿದ್ದ. ಅದರಲ್ಲಿ ಕೆಡುಕೇನೂ ಇರಲಿಲ್ಲ. ಅವಳೂ ಆ ದಿನಗಳಲ್ಲಿ ಹಿತ್ತಿಲ ಕೊಠಡಿಯಲ್ಲಿ ಮಗ್ಗದ ಮುಂದೆ ಕೂತು ಹಳೇ ಬಟ್ಟೆಯ ಪಟ್ಟಿಗಳಿಂದ ಜಮಖಾನ ನೇಯುತ್ತಿದ್ದಳು. ಈಗ ಉದ್ಯಾನದ ಬರ್ಚ್ ಮರಗಳ ಕೆಳಗೆ ನಿಂತು, ಅವನ ಕ್ಯಾಮರಾಕ್ಕೆ ಅವನ ಹಾಗೆಯೇ ಒಂದು ಕಣ್ಣು ಕಿರಿದು ಮಾಡಿ ಇಟ್ಟಳು. ನೀರು, ನೀರಿನಾಚೆ ಕಾಡು, ಕಾಡಿನ ಮೇಲೆ ಮೋಡ. ಒತ್ತಬೇಕೆನ್ನುವಷ್ಟರಲ್ಲಿ ಬಿಸಿಲು ಹೋಯಿತು. ಕಾದಳು. ಬಿಸಿಲು ಬಂತು, ಯಾರದೋ ನಾಯಿ ಅಡ್ಡ ಬಂತು. ಒತ್ತಿದಳು, ನಾಯಿಯ ಬಾಲ ಬಂತು. ಐಸ್‌ಕ್ರೀಮ್ ಗೂಡಂಗಡಿಯವಳು ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದಾಳೆ, ನಗುತ್ತಿದ್ದಾಳೆ ಎನಿಸಿ ಕಿವಿ ಬಿಸಿಯಾಯಿತು. ಅಲ್ಲಿಗೇ ಹೋಗಿ ಬೇಡದಿದ್ದರೂ ಒಂದು ಐಸ್‌ಕ್ರೀಮ್ ಕೊಂಡಳು. ಆ ಹುಡುಗಿ ಇವಳ ಮುಖವನ್ನೂ ನೋಡಲಿಲ್ಲ. ಚಳಿಯಲ್ಲಿ ನಿಂತು, ಹಲ್ಲು ಜುಮ್ಮೆನ್ನುವ ಹಾಗೆ ಅದನ್ನು ತಿಂದಳು. ಈಗ ನಿಜವಾಗಿಯೂ ಹಲ್ಲು ನೋಯುತ್ತಿತ್ತು. ಸದ್ಯ, ಒಂದು ಸುಳ್ಳಾದರೂ ನಿಜವಾಯಿತಲ್ಲ ಎಂದು ಸಮಾಧಾನವಾಯಿತು. ಇಂಥದಕ್ಕೂ ಸಮಾಧಾನಪಡುವ ಗತಿ ಬಂತೇ ಎಂದು ನಾಚಿಕೆಯೂ ಆಯಿತು.

ದಂಡೆಯ ತಿರುವಿನಲ್ಲಿ ಜಮಖಾನ ಒಗೆಯುವ ಕಟ್ಟೆ ಇತ್ತು. ಹಲಗೆಯ ನೆಲ, ದೊಡ್ಡ ತೊಟ್ಟಿಗಳು, ಮೂಲೆಯಲ್ಲಿ ಒಂದು ಮಾಡಿನ ಕೆಳಗೆ ಎರಡು ಉರುಳೆಗಳ ಹಿಂಡುವ ಯಂತ್ರ, ಸಾಲಾಗಿ ಒಣಹಾಕುವ ಅಡ್ಡಮರಗಳು. ಪೈನ್ ಸೋಪಿನ ವಾಸನೆ ಮೂಗಿಗೆ ಬಡಿದದ್ದೇ ಅವಳ ಮೈ ಸಡಿಲವಾಯಿತು. ತನ್ನ ಮನೆಗೇ ಬಂದ ಹಾಗಾಯಿತು. ಒಬ್ಬಳೇ ಒಬ್ಬಳು ಮುದುಕಿ, ಎಂಬತ್ತು ದಾಟಿದವಳು, ರಬ್ಬರ್ ಬೂಟು ಹಾಕಿಕೊಂಡು ಬಗ್ಗಿ ಬ್ರಷ್ಷಿನಿಂದ ತಿಕ್ಕುತ್ತಿದ್ದಳು. ಆಗ ಮೋಡ ಹರಿದು, ಒದ್ದೆ ಜಮಖಾನದ ಪಟ್ಟೆಗಳೆಲ್ಲ ಒಮ್ಮೆಗೇ ಹೊತ್ತಿಕೊಂಡವು: ಕೆಂಪು, ಹಳದಿ, ಬೂದು. ತೌನೊ ಇದ್ದಿದ್ದರೆ ಉಸಿರು ಬಿಗಿಹಿಡಿಯುತ್ತಿದ್ದ. ಅವಳು ಒತ್ತಿದಳು, ಮತ್ತೊಮ್ಮೆ ಒತ್ತಿದಳು.

"ಏ, ಕೋಟಿನ ಹೆಂಗಸೇ!" ಮುದುಕಿ ನೆಟ್ಟಗೆ ನಿಂತಳು. "ನನ್ನ ಹಿಂಭಾಗದ ಫೋಟೋ ತೆಗೆದು ಯಾರಿಗೆ ಕಳಿಸ್ತೀಯ? ಅದನ್ನ ನೋಡೋ ಕಾಲ ಮುಗಿದು ನಲವತ್ತು ವರ್ಷ ಆಯ್ತು."

"ಕ್ಷಮಿಸಿ... ಬೆಳಕು ಚೆನ್ನಾಗಿತ್ತು, ಅದಕ್ಕೆ..."

"ಬೆಳಕೋ! ಬೆಳಕಿಗೆ ಕೈ ಇದ್ದಿದ್ರೆ ಅದನ್ನೇ ಕರೀತಿದ್ದೆ. ಬಾ ಇಲ್ಲಿ, ಈ ಕೊನೆ ಹಿಡಿ. ಒದ್ದೆ ಆದ್ಮೇಲೆ ಇದು ಹೆಣದ ಭಾರ."

ಹಿಲ್ಕ ಓಡಿದಳು. ಯಾರಾದರೂ ಗದರಿ ಕೆಲಸ ಹೇಳಿದರೆ ಎಷ್ಟು ಹಿತ! ಇಬ್ಬರೂ ಸೇರಿ ಜಮಖಾನವನ್ನು ಎತ್ತಿ ಉರುಳೆಗಳ ನಡುವೆ ತೂರಿಸಿದರು. ಮುದುಕಿ ತನ್ನ ಹೆಸರು ಲೆಂಪಿ ಎಂದಳು. ಹಿಡಿ ತಿರುವುತ್ತ, ಆಚೆಯಿಂದ ಚಪ್ಪಟೆಯಾಗಿ ಹೊರಬರುವ ಪಟ್ಟೆಗಳನ್ನು ಒಂದೊಂದಾಗಿ ಪರಿಚಯಿಸಿದಳು. "ಈ ಬೂದು ನಮ್ಮ ಯಜಮಾನರ ಪೈಜಾಮ. ಈ ಕೆಂಪು ನನ್ನ ಅಕ್ಕಂದು, ಪ್ರಾಣ ಹೋಗೋವರೆಗೂ ಕೊಡಲ್ಲ ಅಂದಿದ್ಲು, ಹಾಗೇ ಮಾಡಿದ್ಲು. ಈ ಹಳದಿ ಸೊಸೇದು. ಅವಳೇ ತಂದು ಬುಟ್ಟಿಗೆ ಹಾಕಿದ್ಲು, ನಾನಾಗಿ ಕೇಳಲಿಲ್ಲಪ್ಪ."

ಬುಟ್ಟಿ ಎಂದ ಕೂಡಲೇ ಹಿಲ್ಕ ಮುಖ ತಗ್ಗಿಸಿ ಜಮಖಾನದ ಅಂಚನ್ನು ನೆಟ್ಟಗೆ ಮಾಡತೊಡಗಿದಳು. ಮಗ್ಗವಿದ್ದ ಮನೆಯಲ್ಲೆಲ್ಲ ಒಂದು ಚಿಂದಿ ಬುಟ್ಟಿ ಇರುತ್ತದೆ, ಅದಕ್ಕೊಂದು ಕಟ್ಟಳೆ. ಅವರವರ ಬಟ್ಟೆಯನ್ನು ಅವರವರೇ ಬುಟ್ಟಿಗೆ ಹಾಕಬೇಕು. ಇನ್ನೊಬ್ಬರ ಕಪಾಟಿಗೆ ಕೈಹಾಕಿ ತೆಗೆಯಬಾರದು. ಸತ್ತವರದು ಮಾತ್ರ ಉಳಿದವರು ಹಾಕಬಹುದು. ಅವಳ ಅಮ್ಮ ಎಷ್ಟೇ ಬಡತನವಿದ್ದರೂ ಅಪ್ಪನ ಹರಿದ ಕೋಟು ಬುಟ್ಟಿಗೆ ಬೀಳಲಿ ಎಂದು ಕಾದಿದ್ದಳು, ಗದ್ದಲ ಮಾಡಿದ್ದಳು, ಬೈದಿದ್ದಳು, ತಾನಾಗಿ ಮುಟ್ಟಿರಲಿಲ್ಲ. ಹಿಲ್ಕ ಈ ಬೇಸಿಗೆಯ ಒಂದು ಮಧ್ಯಾಹ್ನ ತೌನೊ ಮಲಗಿದ್ದಾಗ ಕಪಾಟು ತೆಗೆದು, ಇಸ್ತ್ರಿ ಮಾಡಿ ತಾನೇ ತೂಗುಹಾಕಿದ್ದ ನೀಲಿ ಅಂಗಿಯನ್ನು ಹೊರಗೆ ಎಳೆದಳು. ಅಂಗಿಯಲ್ಲಿ ಒಂದು ತೂತೂ ಇರಲಿಲ್ಲ. ಕಾಲರು ಸವೆದಿರಲಿಲ್ಲ. ಹೊಸ ಕೋಣೆಗೊಂದು ಜಮಖಾನ, ಮಂಚದಿಂದ ಇಳಿದಾಗ ಅವನ ಪಾದಕ್ಕೆ ತನ್ನದೇ ಬಟ್ಟೆ ಸಿಗಲಿ ಎಂದು ನೆಪ ಹುಡುಕಿದ್ದು ಆಮೇಲೆ, ಕತ್ತರಿ ಆಡಿದ ಮೇಲೆ. ಆಡುವಾಗ ಏನಿತ್ತು ಮನಸ್ಸಿನಲ್ಲಿ? ಅದನ್ನು ನೆನೆಯಲು ಹೋದರೆ ಆ ಮಧ್ಯಾಹ್ನದ ಬಿಸಿಲು ಮಾತ್ರ ನೆನಪಾಗುತ್ತಿತ್ತು.

"ನೀನು ನೇಯ್ತೀಯ ಅಲ್ವಾ?" ಲೆಂಪಿ ಕೇಳಿದಳು. "ಹಿಡಿಯೋದು ನೋಡಿದ್ರೇ ಗೊತ್ತಾಗುತ್ತೆ. ಈಗ ಮಗ್ಗದ ಮೇಲೇನಿದೆ?"

"ನೀಲಿ."

"ಯಾರದು?"

"ನನ್ನ ಗಂಡಂದು. ಅಂಗಿ."

"ಪುಣ್ಯವಂತೆ! ನಮ್ಮೋರು ಮೊಣಕೈ ಹೊರಗೆ ಬರೋವರೆಗೂ ಅಂಗಿ ಬಿಡ್ತಿರಲಿಲ್ಲ. ನಿಮ್ಮೋರು ತಾವಾಗೇ ಕೊಟ್ಟುಬಿಟ್ರಾ?"

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಯಾರು ಪರೀಕ್ಷೆ ಮಾಡಲು ಬರುತ್ತಿದ್ದರು? ಆದರೆ ಆ ಒಂದು ಸುಳ್ಳು, ಅಂಗಿ ಅವನೇ ಕೊಟ್ಟ ಎಂಬ ಸುಳ್ಳು, ನಾಲಿಗೆಯ ಮೇಲೆ ಹೊರಳಲಿಲ್ಲ. ಅದರ ಬದಲು ಅದಕ್ಕಿಂತ ಸಾವಿರ ಪಾಲು ದೊಡ್ಡದು ಸರಾಗವಾಗಿ ಜಾರಿ ಹೊರಬಂತು.

"ಅವರು ತೀರಿಕೊಂಡ್ರು," ಎಂದಳು ಹಿಲ್ಕ.

ಲೆಂಪಿ ಹಿಡಿ ತಿರುವುವುದನ್ನು ನಿಲ್ಲಿಸಿದಳು. ಸೋಪಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಹಿಲ್ಕಳ ತೋಳಿನ ಮೇಲಿಟ್ಟಳು. "ಯಾವಾಗ?"

"ಈ ವಸಂತದಲ್ಲಿ."

"ಅಯ್ಯೋ ನನ್ನ ತಂಗೀ. ಇನ್ನೂ ಹಸಿ ಗಾಯ. ನಾನೋ, ಬಾಯಿಗೆ ಬಂದದ್ದು ಒದರ್ತಾ ಇದೀನಿ. ಬಾ, ಕೂತ್ಕೋ."

ಬೆಂಚಿನ ಮೇಲೆ ಕೂರಿಸಿ ಫ್ಲಾಸ್ಕಿನ ಮುಚ್ಚಳದ ಲೋಟಕ್ಕೆ ಕಾಫಿ ಬಗ್ಗಿಸಿದಳು, ಏಲಕ್ಕಿ ಬನ್ನಿನ ದೊಡ್ಡ ತುಂಡನ್ನೇ ಮುರಿದುಕೊಟ್ಟಳು. ಏನು ಕಾಯಿಲೆ ಎಂದು ಕೇಳಿದಳು. ಮರೆವು ಎಂದಳು ಹಿಲ್ಕ. ಕೊನೆಯವರೆಗೂ ನಿನ್ನ ಗುರುತು ಹಿಡೀತಿದ್ರಾ? ಹಿಡೀತಿದ್ರು. ರಾತ್ರಿ ನಿದ್ದೆ ಮಾಡ್ತಿದ್ರಾ? ಇಲ್ಲ, ಏಳು ಸಲ ಎಂಟು ಸಲ ಎದ್ದು ಬಾಗಿಲು ತೆಗೀತಿದ್ರು, ಒಲೆ ಹಚ್ಚಿಬಿಡ್ತಿದ್ರು, ನಾನು ಬೂಟು ಹಾಕ್ಕೊಂಡೇ ಮಲಗ್ತಿದ್ದೆ. ಯಾರಿಗೂ ಹೇಳದೆ ಇದ್ದದ್ದೆಲ್ಲ ಹೊರಬಂತು, ಒಂದು ಮಾತೂ ಸುಳ್ಳಲ್ಲ, ಅವನು ಸತ್ತಿದ್ದಾನೆ ಎನ್ನುವುದೊಂದನ್ನು ಬಿಟ್ಟು. ಬದುಕಿರುವವನ ಬಗ್ಗೆ ಇದನ್ನೆಲ್ಲ ಹೇಳಿದರೆ ದೂರು ಹೇಳಿದ ಹಾಗಾಗುತ್ತಿತ್ತು; ಸತ್ತವನ ಬಗ್ಗೆ ಹೇಳಿದರೆ ದುಃಖ. ಲೆಂಪಿ "ಹೂಂ, ಹೂಂ" ಎಂದು ಬೆನ್ನು ಸವರುತ್ತಿದ್ದಳು. ಕಾಫಿ ಬಿಸಿಯಾಗಿತ್ತು. ಎಷ್ಟೋ ವರ್ಷದ ಮೇಲೆ ಯಾರೋ ತನ್ನನ್ನು ನೋಡಿಕೊಳ್ಳುತ್ತಿದ್ದಾರೆ ಎನಿಸಿ ಹಿಲ್ಕಳ ಕಣ್ಣಲ್ಲಿ ನೀರು ಬಂತು, ಆ ಕಣ್ಣೀರನ್ನೂ ಲೆಂಪಿ ವಿಧವೆಯ ಕಣ್ಣೀರೆಂದೇ ತಿಳಿದಳು. ಇಷ್ಟು ಹೊತ್ತಿಗೆ ಸೈಮಿ ಅವನಿಗೆ ಆಲೂಗಡ್ಡೆ ಸಿಪ್ಪೆ ಬಿಡಿಸಿ ಕೊಡುತ್ತಿರಬಹುದು. ಅವನು ಬೆಣ್ಣೆ ಎಲ್ಲಿ ಎಂದು ಕೇಳುತ್ತಿರಬಹುದು.

ಆಮೇಲೆ ದಬದಬನೆ ಮಳೆ ಬಂತು. ಇಬ್ಬರೂ ಜಮಖಾನ ಎಳೆದುಕೊಂಡು ಮಾಡಿನ ಕೆಳಗೆ ನುಗ್ಗಿದರು. ಸರೋವರ ಕಾಣದಾಯಿತು. "ಎಲ್ಲಿ, ತೋರ್ಸು ನೋಡೋಣ," ಎಂದಳು ಲೆಂಪಿ, ಅವಳ ಮನಸ್ಸನ್ನು ಬೇರೆ ಕಡೆ ತಿರುಗಿಸಲು. "ನನ್ನ ಹಿಂಭಾಗ ಹೇಗೆ ಬಂದಿದೆ?" ಹಿಲ್ಕ ನಕ್ಕು ಕ್ಯಾಮರಾದ ಪರದೆ ಹಚ್ಚಿದಳು. ಜಮಖಾನ. ಲೆಂಪಿ ಖುಷಿಯಾಗಿ ಕೂಗಿದಳು, "ಅಬ್ಬಬ್ಬಾ, ಅಕ್ಕನ ಕೆಂಪು ನೋಡು!" ನಾಯಿಯ ಬಾಲ. ನೀರು. ಬರ್ಚ್ ಮರ. ಗುಂಡಿಯ ಮೇಲೆ ಬೆರಳು ತಾನಾಗಿ ಒತ್ತುತ್ತ ಹಿಂದೆ ಹಿಂದೆ ಹೋಯಿತು, ಇವತ್ತಿನದು ಮುಗಿದು ತೌನೊ ಕೈಯಲ್ಲಿದ್ದಾಗಿನವು ಬಂದವು. ಕಾಯಿಲೆ ಬಂದ ಮೇಲೂ ಅವನು ಕ್ಯಾಮರಾ ಕುತ್ತಿಗೆಗೆ ಹಾಕಿಕೊಂಡು ಮನೆಯೊಳಗೇ ಓಡಾಡುತ್ತಿದ್ದ. ಬರೀ ಆಟ ಎಂದುಕೊಂಡಿದ್ದಳು. ಅವನ ಹೆಬ್ಬೆರಳು. ಕೆಟಲ್ಲು. ಬಾಗಿಲ ಚೌಕಟ್ಟು. ಆಮೇಲೆ ಅಡುಗೆಮನೆಯ ಮೇಜು. ಮೇಜಿನ ಮೇಲೆ ಹರವಿದ ನೀಲಿ ಅಂಗಿ, ಅರ್ಧ ಪಟ್ಟಿಪಟ್ಟಿಯಾಗಿ ನೆಲಕ್ಕೆ ಇಳಿದಿದೆ, ಕತ್ತರಿ ಹಿಡಿದು ಬಗ್ಗಿದ ಹೆಂಗಸು, ಕಿಟಕಿಯಿಂದ ಬಿಸಿಲು. ಅವನು ಮಲಗಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ.

"ಇದು ನೀನೇ ಅಲ್ವಾ," ಎಂದಳು ಲೆಂಪಿ. "ಅಂಗಿ ಕತ್ತರಿಸ್ತಿದೀಯ. ಇದೇನಾ ಆ ನೀಲಿ? ಎಷ್ಟು ಚೆನ್ನಾಗಿ ಬಂದಿದೆ! ಯಾರು ತೆಗೆದಿದ್ದು?"

ಹಿಲ್ಕ ಬಾಯಿ ತೆರೆದಳು. ತಂಗಿ, ನೆರೆಮನೆಯವಳು, ಯಾರನ್ನಾದರೂ ಹೇಳಬಹುದಿತ್ತು.

"ಅವರೇ," ಎಂದಳು.

"ಯಾರು ಅವರೇ?"

"ತೌನೊ. ನನ್ನ ಗಂಡ."

ಮಾಡಿನ ಮೇಲೆ ಮಳೆ ಬಡಿಯುತ್ತಿತ್ತು. ಲೆಂಪಿ ಪರದೆಯನ್ನು ನೋಡಿದಳು, ಹಿಲ್ಕಳ ಮುಖ ನೋಡಿದಳು. "ಸತ್ತೋರು ಎದ್ದು ಬಂದು, ತಮ್ಮ ಅಂಗಿ ಕತ್ತರಿಸೋದನ್ನ ಫೋಟೋ ಹಿಡಿದ್ರು ಅನ್ನು."

"ಬದುಕಿದಾರೆ," ಎಂದಳು ಹಿಲ್ಕ. "ಮನೇಲಿದಾರೆ. ಈಗ ಊಟ ಆಗಿರುತ್ತೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಲೆಂಪಿ ಬೈಯಲಿಲ್ಲ. ಹಿಲ್ಕಳ ಕೈಯಿಂದ ಕಾಫಿ ಲೋಟವನ್ನು ತೆಗೆದುಕೊಂಡು, ಉಳಿದದ್ದನ್ನು ಹಲಗೆಯ ಸಂದಿಗೆ ಚೆಲ್ಲಿ, ಮಳೆನೀರಿನಲ್ಲಿ ತೊಳೆದು ಫ್ಲಾಸ್ಕಿಗೆ ತಿರುಪಿದಳು. ಆ ತಿರುಪುವ ಸದ್ದು ಹಿಲ್ಕಳಿಗೆ ಕೇಳಿಸಿತು. "ನಮ್ಮೋರು ಹೋಗಿ ಹನ್ನೊಂದು ವರ್ಷ," ಎಂದಳು ಮುದುಕಿ, ಅವಳ ಕಡೆ ನೋಡದೆ. "ಆ ಪೈಜಾಮಕ್ಕೆ ಕತ್ತರಿ ಹಾಕೋಕೆ ನನ್ನ ಕೈ ಬರೋದಕ್ಕೇ ಆರು ವರ್ಷ ಹಿಡೀತು. ಹೋಗ್ಲಿ ಬಿಡು, ನಿನ್ನ ಕಷ್ಟ ನಂಗೇನು ಗೊತ್ತು. ನನ್ನ ಫೋಟೋ ಅಳಿಸಿಬಿಡು."

"ಅದು... ತುಂಬಾ ಚೆನ್ನಾಗಿ..."

"ಅಳಿಸು ಅಂದೆ."

ಅಳಿಸಿದಳು. ಕೆಂಪು ಹೋಯಿತು, ಹಳದಿ, ಬೂದು ಹೋದವು. ಇಡೀ ದಿನದಲ್ಲಿ ಬಂದ ಒಂದೇ ಒಂದು ಒಳ್ಳೆಯ ಬೆಳಕು. ಮಳೆ ನಿಲ್ಲುವವರೆಗೂ ಇಬ್ಬರೂ ಒಂದೇ ಮಾಡಿನ ಕೆಳಗೆ ನಿಂತೇ ಇರಬೇಕಾಯಿತು. ನೆಲ ಬಾಯಿಬಿಡಬಾರದೇ ಎಂದು ಹಿಲ್ಕ ಹಲಗೆಯ ಸಂದಿಗಳನ್ನೇ ನೋಡುತ್ತಿದ್ದಳು. ಮಳೆ ಪೂರ್ತಿ ನಿಲ್ಲುವ ಮೊದಲೇ ಹೊರಟಳು. ಬರುತ್ತೇನೆ ಎಂದು ಹೇಳಬೇಕೋ ಬೇಡವೋ ತಿಳಿಯದೆ ತಲೆ ಬಗ್ಗಿಸಿದಳು. ಲೆಂಪಿ ಒಬ್ಬಳೇ ಜಮಖಾನವನ್ನು ಎತ್ತಲು ತಿಣುಕುತ್ತಿದ್ದಳು, ಸಹಾಯಕ್ಕೆ ಕರೆಯಲಿಲ್ಲ.

ಒದ್ದೆ ಬೆಂಚೊಂದರ ಮೇಲೆ ಕೂತು ಆ ಚಿತ್ರವನ್ನು ಮತ್ತೆ ತೆಗೆದಳು. ಹಾಗಾದರೆ ಅವನು ನೋಡಿದ್ದ. ನೋಡಿಯೂ ದಿನಾ ಬೆಳಿಗ್ಗೆ ಕೇಳುತ್ತಿದ್ದ, ಅಂಗಿ ಎಲ್ಲಿ, ಅಂಗಿ ಎಲ್ಲಿ. ಮರೆತು ಕೇಳುತ್ತಿದ್ದನೋ, ಇವತ್ತಾದರೂ ಹೇಳುತ್ತಾಳೇನೋ ಎಂದು ಕಾದು ಕೇಳುತ್ತಿದ್ದನೋ? ಬೆರಳಿನಿಂದ ಪರದೆಯ ಹನಿ ಒರೆಸಿದಾಗ ತನ್ನ ಮುಖ ಕಾಣಿಸಿತು. ಅದನ್ನು ಅವಳು ಎದುರುನೋಡಿರಲಿಲ್ಲ. ಮುಖದಲ್ಲಿ ಸಿಟ್ಟಿರಲಿಲ್ಲ, ದುಃಖವಿರಲಿಲ್ಲ. ಬಾಯಿಯ ಮೂಲೆಯಲ್ಲಿ ಸಣ್ಣ ನಗೆ. ಏನೋ ಗುನುಗುತ್ತಿದ್ದ ಹಾಗೆ, ಎಷ್ಟೋ ವರ್ಷಕ್ಕೆ ಸಿಕ್ಕಿದ ನೆಮ್ಮದಿ. ಅವನಿಲ್ಲದ ಮನೆಯ ನೆಮ್ಮದಿ ಅದು, ಅವನು ಬಾಗಿಲಲ್ಲೇ ನಿಂತಿರುವಾಗ. ತಾನು ಎಂಥವಳು ಎಂದು ಆ ಮಧ್ಯಾಹ್ನದಿಂದ ಹುಡುಕುತ್ತಿದ್ದ ಉತ್ತರ ಇಷ್ಟು ಸ್ಪಷ್ಟವಾಗಿ, ಇಷ್ಟು ಒಳ್ಳೆಯ ಬೆಳಕಿನಲ್ಲಿ ಅವನ ಕ್ಯಾಮರಾದಲ್ಲೇ ಕೂತಿತ್ತು.

ಕಚೇರಿ ಮುಚ್ಚುವ ಹೊತ್ತು ಹತ್ತಿರವಾಗಿತ್ತು. ಬೇಡ ಎಂದು ಹೇಳುತ್ತೇನೆ ಎಂದುಕೊಂಡೇ ಫೋನು ಮಾಡಿದಳು. ಹೆಂಗಸೊಬ್ಬಳ ದಣಿದ, ಒಳ್ಳೆಯ ದನಿ. ಹಿಲ್ಕಳ ಬಾಯಿಂದ ಮೊದಲು ಬಂದದ್ದು, "ಕೋಣೆಗೆ ನಮ್ಮದೇ ಜಮಖಾನ ತರಬಹುದಾ? ನಾನೇ ನೇಯ್ತಾ ಇದೀನಿ."

"ಇಲ್ಲಮ್ಮ, ಜಮಖಾನ ಮಾತ್ರ ಬಿಡಲ್ಲ. ಕಾಲಿಗೆ ಸಿಕ್ಕಿ ಬಿದ್ದುಬಿಡ್ತಾರೆ. ಫೋಟೋ ತನ್ನಿ, ಎಷ್ಟಾದ್ರೂ ತನ್ನಿ."

"ಹೌದಾ."

"ಹಾಗಾದ್ರೆ ಏನಂತ ಬರ್ಕೊಳ್ಲಿ? ಬರ್ತಾರಾ?"

ಹಿಲ್ಕ ಸರೋವರ ನೋಡಿದಳು. ಬೂಟು ಹಾಕಿಕೊಂಡು ಮಲಗುವ ರಾತ್ರಿಗಳು ಒಂದರ ಹಿಂದೊಂದು ಸಾಲಾಗಿ ನಿಂತಿದ್ದವು. ಬೇಡ ಎನ್ನಲು ಎದೆಯಲ್ಲಿ ಶಕ್ತಿ ಹುಡುಕಿದಳು. ಇರಲಿಲ್ಲ. "ಬರ್ತಾರೆ," ಎಂದಳು.

ಈಸಲ್ಮಿಯಲ್ಲಿ ಸೈಮಿ ಕೋಟು ಹಾಕಿಕೊಂಡೇ ಕಾಯುತ್ತಿದ್ದಳು. "ಜಾಣರಾಗಿದ್ರು," ಎಂದು ಪಿಸುಗುಟ್ಟಿ ಹೋದಳು. ತೌನೊ ಕಿಟಕಿಯ ಹತ್ತಿರ ಕೂತಿದ್ದ. "ಹಲ್ಲು ಕಿತ್ರಾ?" ಎಂದ. ಬೆಳಗಿನದನ್ನು ನೆನಪಿಟ್ಟುಕೊಂಡಿದ್ದ, ಆ ಸುಳ್ಳೊಂದನ್ನು ದಿನವಿಡೀ ಜೋಪಾನ ಮಾಡಿದ್ದ. ಅವಳು ಅವನ ಕಾಲ ಬಳಿ ಕುಕ್ಕರಿಸಿದಳು. "ಹಲ್ಲಿನ ಡಾಕ್ಟ್ರ ಹತ್ರ ಹೋಗಿರಲಿಲ್ಲ ತೌನೊ. ನಿನ್ನ ಪಾರ್ಕಿಗೆ ಹೋಗಿದ್ದೆ. ನಿನ್ನ ನೀಲಿ ಅಂಗೀನ ನಾನೇ ಕತ್ತರಿಸಿದೆ. ನಿನ್ನ ಕಪಾಟಿಂದ ತೆಗೆದು." ಹೇಳಿದ ಕೂಡಲೇ ಅವಳ ಎದೆಯಿಂದ ಕಲ್ಲು ಇಳಿದ ಹಾಗಾಯಿತು. ಅವನ ಮುಖ ಮಾತ್ರ ನಿಧಾನವಾಗಿ ಕುಸಿಯಿತು, ಗಲ್ಲ ನಡುಗಿತು. "ಅದು ಚೆನ್ನಾಗಿತ್ತಲ್ಲ," ಎಂದ. "ನಾನಿನ್ನೂ ಹಾಕ್ಕೊಳ್ತಿದ್ದೆನಲ್ಲ ಹಿಲ್ಕ." ಏನು ಮಾಡುವುದೆಂದು ತೋಚದೆ ಅವಳು ಆ ಚಿತ್ರ ತೋರಿಸಿದಳು, ನೀನೇ ತೆಗೆದದ್ದು, ನಿನಗೆ ಗೊತ್ತಿತ್ತು ಎಂದಳು. ಅವನು ಕ್ಯಾಮರಾವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. "ಬೆಳಕು ಚೆನ್ನಾಗಿದೆ," ಎಂದ. "ನೀನು ನಗ್ತಿದೀಯ. ಅದಕ್ಕೇ ತೆಗೆದಿರಬೇಕು."

ಅವಳು ಎದ್ದು ಹೋಗಿ ಮೀನಿನ ಸೂಪು ಬಿಸಿ ಮಾಡಿದಳು. ಇಬ್ಬರೂ ಕುಡಿದರು. ಅವನು ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಮೊದಲು ಅವಳಿಗೆ ಕೊಟ್ಟ, ಗಟ್ಟಿ ಅಂಚನ್ನು ಮುರಿದು ತೆಗೆದೇ ಕೊಟ್ಟ, ಅವಳಿಗೆ ಹಲ್ಲು ನೋವಲ್ಲವೇ. ಹೊರಗೆ ಮತ್ತೆ ಮೋಡ ಕವಿಯುತ್ತಿತ್ತು. ಚಮಚ ಕೆಳಗಿಟ್ಟು ಅವನು ಮುಖ ಎತ್ತಿದ. ಮುಖದಲ್ಲಿ ಏನೂ ಉಳಿದಿರಲಿಲ್ಲ, ನೋವೂ ಇಲ್ಲ, ನೀಲಿಯೂ ಇಲ್ಲ, ತೊಳೆದಿಟ್ಟ ಹಾಗಿತ್ತು.

"ಹಿಲ್ಕ, ನನ್ನ ನೀಲಿ ಅಂಗಿ ಎಲ್ಲಿ?"

ಹೇಳಿದರೆ ಮತ್ತೆ ಅವಳ ಎದೆ ಹಗುರಾಗುತ್ತದೆ, ಮತ್ತೆ ಆ ಗಲ್ಲ ನಡುಗುತ್ತದೆ. ನಾಳೆಯೂ ಹಾಗೆಯೇ, ನಾಡಿದ್ದೂ. ಹೊಸ ಕೋಣೆಗೆ ಹೋಗುವವರೆಗೂ, ಹೋದ ಮೇಲೂ. ತನ್ನ ನೆಮ್ಮದಿಗೆ ದಿನಾ ಅವನ ಅಂಗಿಯನ್ನೇ ಕತ್ತರಿಸಬೇಕು. ಅವಳು ಮೇಜಿನ ಕೆಳಗೆ ಎರಡು ಕೈಗಳನ್ನೂ ಬಿಗಿಹಿಡಿದಳು.

"ಒಗೆಯೋಕೆ ಹಾಕಿದೀನಿ," ಎಂದಳು.

ತೌನೊ ಕಿಟಕಿಯ ಕಡೆ ತಿರುಗಿ, ಒಂದು ಕಣ್ಣು ಕಿರಿದು ಮಾಡಿ ಆಕಾಶವನ್ನು ಅಳೆದ.

"ಈ ಹವಾಕ್ಕೆ ಒಣಗಲ್ಲ ಬಿಡು," ಎಂದ.